ಭೈರಪ್ಪನವರಿಗೆ ಶೈಲಿ ಇಲ್ಲವೆ?

ಎಂ.ಎ. ಓದುವಾಗಿನ ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಅಡಿಗೆರೆ ಎಳೆದುಕೊಂಡ ಒಂದು ವಾಕ್ಯವಿದೆ: ‘ಭೈರಪ್ಪ - ವಸ್ತು ಇದೆ, ಶೈಲಿ ಇಲ್ಲ.’ ಯಾವ ಕಾದಂಬರಿಯ ಬಗ್ಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ಬರೆದುಕೊಂಡಿಲ್ಲ. ಬರೆದುಕೊಳ್ಳಬೇಕೆಂದು ಆಗ ಅನಿಸಿರಲೂ ಇಲ್ಲ. ಅದು ತರಗತಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಅದನ್ನೇ ಎರಡೂವರೆ ಪುಟಕ್ಕೆ ಹಿಗ್ಗಿಸಿ ಬರೆದೆ, ಏಳು ಬಂತು. ಆ ಹೊತ್ತಿಗೆ ನಾನು ಭೈರಪ್ಪನವರ ಎರಡು ಕಾದಂಬರಿಗಳನ್ನು ಮಾತ್ರ ಪೂರ್ತಿ ಓದಿದ್ದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನನ್ನ ಜೊತೆ ಕೂತು ಬರೆದವರಲ್ಲಿ ಎರಡನ್ನೂ ಓದದವರು ಇದ್ದರು.

ಈಗ ನನ್ನ ಸಂಶೋಧನೆ ಕನ್ನಡ ಕಾದಂಬರಿಯ ಗದ್ಯದ ಮೇಲೆ. ಅಧ್ಯಾಯಗಳ ಪಟ್ಟಿಯಲ್ಲಿ ಭೈರಪ್ಪನವರ ಹೆಸರು ನೋಡಿ ನಮ್ಮ ಮೇಷ್ಟ್ರು ಕನ್ನಡಕ ತೆಗೆದು, “ವಸ್ತುವಿನ ಮೇಲೆ ಬರಿ, ಬೇಕಾದಷ್ಟಿದೆ. ಗದ್ಯದ ಮೇಲೆ ಏನಮ್ಮ ಬರೀತೀಯ?” ಅಂದರು. ಗದರಿಕೆಯೇನೂ ಅಲ್ಲ, ನಿಜವಾದ ಕಾಳಜಿಯಿಂದಲೇ ಕೇಳಿದ್ದು. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಪೂರ್ತಿ ಉತ್ತರ ಸಿಕ್ಕಿದೆ ಎಂದು ಹೇಳಲಾರೆ.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಸಿಕ್ಕಷ್ಟನ್ನೂ ಓದಿದೆ. ಮೆಚ್ಚಿದವರು ಅವರ ಅಧ್ಯಯನವನ್ನು, ಧೈರ್ಯವನ್ನು, ಮರುಮುದ್ರಣಗಳನ್ನು, ಪದ್ಮಭೂಷಣವನ್ನು ನೆನೆದರು. ಮೆಚ್ಚದವರು ಅವರ ನಿಲುವುಗಳನ್ನು ನೆನೆದರು, ಇಲ್ಲವೇ ಸುಮ್ಮನಿದ್ದರು. ಎರಡು ಕಡೆಯವರೂ ಮಾತಾಡಿದ್ದು ವಸ್ತುವಿನ ಬಗ್ಗೆಯೇ. ಅರವತ್ತು ವರ್ಷ ಕಾಲ ಕನ್ನಡದಲ್ಲಿ ವಾಕ್ಯ ಕಟ್ಟಿದ ಮನುಷ್ಯನ ಒಂದು ವಾಕ್ಯದ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಯಾರೂ ಮಾತಾಡಲಿಲ್ಲ. ಹಾಗಾದರೆ ನನ್ನ ನೋಟ್‌ಬುಕ್ಕಿನ ಮಾತನ್ನು ಅವರ ಅಭಿಮಾನಿಗಳೂ ಒಪ್ಪಿಕೊಂಡೇ ಇದ್ದಾರೆ ಅಂತಾಯಿತು. ‘ಶೈಲಿ ಕಟ್ಟಿಕೊಂಡು ಏನಾಗಬೇಕು, ವಿಷಯ ನೋಡಿ’ ಎನ್ನುವವರಿಗೂ ‘ಬರೀ ವಿಷಯ, ಶೈಲಿ ಎಲ್ಲಿ’ ಎನ್ನುವವರಿಗೂ ನಡುವೆ ಇರುವ ಜಗಳ ತುಂಬ ಚಿಕ್ಕದು.

ಈ ಮಾತು ಹುಟ್ಟಿದ್ದಕ್ಕೆ ಒಂದು ಚರಿತ್ರೆಯೂ ಇದೆ. ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ಭೈರಪ್ಪನವರ ‘ವಂಶವೃಕ್ಷ’ ಎರಡೂ 1965ರಲ್ಲಿ ಬಂದವು. ಎರಡರಲ್ಲೂ ಶಾಸ್ತ್ರ ಬಲ್ಲ, ನಿಯಮದಂತೆ ಬದುಕಿದ ಬ್ರಾಹ್ಮಣನೊಬ್ಬ ತನ್ನ ಬುಡವನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಪ್ರಾಣೇಶಾಚಾರ್ಯ, ಇಲ್ಲಿ ಶ್ರೀನಿವಾಸ ಶ್ರೋತ್ರಿ. ನವ್ಯ ವಿಮರ್ಶೆ ತನ್ನ ಅಳತೆಗೋಲುಗಳನ್ನು ಮಾಡಿಕೊಳ್ಳುತ್ತಿದ್ದ ಕಾಲ ಅದು. ಸಾಂದ್ರತೆ, ಸಂಕೇತ, ಧ್ವನಿ, ಭಾಷೆಯ ಸ್ವೋಪಜ್ಞತೆ - ಈ ಗೋಲುಗಳಿಗೆ ‘ಸಂಸ್ಕಾರ’ ಹೇಳಿ ಮಾಡಿಸಿದಂತಿತ್ತು. ‘ವಂಶವೃಕ್ಷ’ ಹಾಗಿರಲಿಲ್ಲ. ಅದು ನಂಜನಗೂಡಿಗೂ ಮೈಸೂರಿಗೂ ರೈಲಿನಲ್ಲಿ ಓಡಾಡಿಕೊಂಡು ನಿಧಾನವಾಗಿ, ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡು ಹೋಗುವ ಕಾದಂಬರಿ. ಆ ಅಳತೆಗೋಲಿನಲ್ಲಿ ಅದು ಸೋತದ್ದು ಸಹಜ. ಆದರೆ ಒಂದು ಸಲ ಸೋತದ್ದನ್ನು ಲೇಖಕನ ಜಾತಕವನ್ನಾಗಿ ಮಾಡಿದ್ದು ವಿಮರ್ಶೆಯ ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಈ ಇಬ್ಬರು ಲೇಖಕರನ್ನು ಶೈಲಿಯ ದೃಷ್ಟಿಯಿಂದ ಎದುರುಬದುರು ಇಡಬೇಕಾದರೆ ‘ವಂಶವೃಕ್ಷ’ಕ್ಕಿಂತ ‘ಗೃಹಭಂಗ’ (1970) ಸರಿಯಾದ ಜೋಡಿ. ಕಾರಣ ಪ್ಲೇಗು. ‘ಸಂಸ್ಕಾರ’ದಲ್ಲಿ ಪ್ಲೇಗು ಬರುತ್ತದೆ. ಇಲಿಗಳು ಸಾಯುತ್ತವೆ, ಹದ್ದುಗಳು ಬರುತ್ತವೆ, ಅಗ್ರಹಾರದವರಿಗೆ ಅದು ಶವಸಂಸ್ಕಾರವಾಗದೆ ಉಳಿದ ನಾರಣಪ್ಪನ ಹೆಣದ ಫಲವಾಗಿ ಕಾಣುತ್ತದೆ. ಓದುಗರಾದ ನಮಗೆ ಅದು ಆ ಸಮಾಜದ ಒಳಗಿನ ಕೊಳೆತದ ಚಿಹ್ನೆಯಾಗಿಯೂ ಕಾಣುತ್ತದೆ. ಅಲ್ಲಿ ಇಲಿ ಬಿದ್ದರೆ ಬರೀ ಇಲಿ ಬೀಳುವುದಿಲ್ಲ. ‘ಗೃಹಭಂಗ’ದಲ್ಲೂ ಪ್ಲೇಗು ಬರುತ್ತದೆ, ಒಂದಲ್ಲ ಹಲವು ಸಲ. ಅಲ್ಲಿ ಇಲಿ ಬಿದ್ದರೆ ಊರಾಚೆ ಗುಡಿಸಲು ಹಾಕಬೇಕು. ಅದಕ್ಕೆ ಗಳು ಎಲ್ಲಿಂದ, ಸೋಗೆ ಎಲ್ಲಿಂದ, ಹಾಕುವವರು ಯಾರು, ಗಂಡನೆನಿಸಿಕೊಂಡವನು ಎದ್ದು ಕೆಲಸ ಮಾಡುತ್ತಾನೋ ಇಲ್ಲವೋ, ಪಾತ್ರೆಪರಡಿ ಸಾಗಿಸುವುದು ಹೇಗೆ ಎಂಬ ಯೋಚನೆಗಳು ಬೀಳುತ್ತವೆ. ಚಿಹ್ನೆಯಾಗಲು ಆ ಇಲಿಗೆ ಪುರಸೊತ್ತೇ ಇಲ್ಲ.

ಇದನ್ನು ಓದಿ ‘ಶೈಲಿ ಇಲ್ಲ’ ಎಂದರೆ, ಚಿಹ್ನೆ ಮಾಡುವುದೊಂದೇ ಶೈಲಿ ಎಂದು ಹೇಳಿದಂತಾಯಿತು.

ನಾನು ಹುಟ್ಟಿ ಬೆಳೆದದ್ದು ತಿಪಟೂರು ಸೀಮೆಯಲ್ಲಿ. ‘ಗೃಹಭಂಗ’ದ ರಾಮಸಂದ್ರವೂ ಅದೇ ತಾಲ್ಲೂಕಿನದು. ಹಾಗಾಗಿ ಈ ಕಾದಂಬರಿಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಪಕ್ಷಪಾತದಿಂದ ಒಂದು ಅನುಕೂಲವೂ ಆಯಿತು. ಕೋವಿಡ್ ವರ್ಷದ ರಜೆಯಲ್ಲಿ ಮನೆಯಲ್ಲಿದ್ದಾಗ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಓದುವ ಹಾಗಿರಲಿಲ್ಲ. ನಾನೇ ‘ಗೃಹಭಂಗ’ವನ್ನು ಗಟ್ಟಿಯಾಗಿ ಓದಿ ಹೇಳಿದೆ. ಗಂಗಮ್ಮ ಬಾಯಿ ತೆರೆದ ಕೂಡಲೇ ಅಮ್ಮ ನಗಲು ಶುರುಮಾಡಿದರು. “ನೀನು ಓದೋದು ಸರಿಯಾಗಿಲ್ಲ ಕಣೇ, ಅಲ್ಲಿ ಉಸಿರು ತಗೋಬಾರದು, ಒಂದೇ ಸಲಕ್ಕೆ ಬಯ್ಯಬೇಕು” ಅಂದು ತಿದ್ದಿದರು. ನಮ್ಮ ಮುತ್ತಜ್ಜಿಯೊಬ್ಬರು ಹಾಗೆ ಬಯ್ಯುತ್ತಿದ್ದರಂತೆ. ನಾನು ಕಣ್ಣಲ್ಲಿ ಓದಿಕೊಂಡಾಗ ಬರೀ ಒರಟಾಗಿ ಕಂಡಿದ್ದ ಬೈಗುಳಕ್ಕೆ ಒಂದು ತಾಳ ಇತ್ತು. ಎಲ್ಲಿ ಏರಬೇಕು, ಎಲ್ಲಿ ತುಂಡಾಗಬೇಕು, ಯಾವ ಸಂಬಂಧವನ್ನು ಎಳೆದು ತಂದು ಯಾರ ತಲೆಗೆ ಕಟ್ಟಬೇಕು ಎಂಬುದರ ವ್ಯಾಕರಣ ಇತ್ತು. ಅದನ್ನು ಕೇಳಿಸಿಕೊಂಡು ಬರೆದವನಿಗೆ ಕಿವಿ ಇಲ್ಲ ಎನ್ನಲು ಸಾಧ್ಯವೇ ಇಲ್ಲ.

ಭೈರಪ್ಪನವರ ಕಾದಂಬರಿಗಳು ಭಾರತದ ಬೇರೆ ಭಾಷೆಗಳಿಗೆ ಹೋದಷ್ಟು ಕನ್ನಡದ ಇತರ ಕಾದಂಬರಿಕಾರರದು ಹೋದದ್ದು ಕಡಿಮೆ. ಉಮಾ ಕುಲಕರ್ಣಿಯವರ ಅನುವಾದಗಳಿಂದಾಗಿ ಮರಾಠಿಯಲ್ಲಂತೂ ಅವರು ಅಲ್ಲಿಯವರೇ ಎಂಬಂತೆ ಓದಿಸಿಕೊಳ್ಳುತ್ತಾರೆ. ಇದನ್ನೂ ಅವರ ವಿರುದ್ಧ ಹೇಳುವುದುಂಟು: ಶೈಲಿ ಇಲ್ಲದ್ದರಿಂದ ಅನುವಾದ ಸುಲಭ ಎಂದು. ‘ಪರ್ವ’ದ ಬಗ್ಗೆ ಈ ಮಾತು ಸ್ವಲ್ಪ ನಿಜವಿರಬಹುದು. ಗಂಗಮ್ಮನನ್ನು ಇಂಗ್ಲಿಷಿಗೆ ತರಲು ಒಮ್ಮೆ ಪ್ರಯತ್ನಿಸಿ ನೋಡಿ. ನಾನು ಒಂದು ಸೆಮಿನಾರಿಗಾಗಿ ಅರ್ಧ ಪುಟ ಮಾಡಿ, ಮೂರು ದಿನ ಒದ್ದಾಡಿ, ಕೊನೆಗೆ ಸಾರಾಂಶ ಕೊಟ್ಟು ಕೈತೊಳೆದುಕೊಂಡೆ.

ಆದರೆ ನಾನು ಹೇಳಬೇಕೆಂದಿರುವುದು ಸಂಭಾಷಣೆಯ ಬಗ್ಗೆ ಮಾತ್ರ ಅಲ್ಲ. ಸಂಭಾಷಣೆ ಚೆನ್ನಾಗಿದೆ ಎಂದು ‘ಶೈಲಿ ಇಲ್ಲ’ ಎನ್ನುವವರೂ ಒಪ್ಪುತ್ತಾರೆ. ಅವರ ತಕರಾರು ನಿರೂಪಣೆಯ ಗದ್ಯದ ಮೇಲೆ. ಅದು ಸಪ್ಪೆ, ವರದಿಯಂಥದು, ಎಲ್ಲೂ ಮಿಂಚುವುದಿಲ್ಲ. ಈ ಸಪ್ಪೆಯನ್ನು ಹತ್ತಿರದಿಂದ ನೋಡೋಣ.

ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ನಂಜಮ್ಮ. ರೂಲು ಎಳೆದು, ಕಲಮು ಹಾಕಿ, ಖಾತೆ, ಪಹಣಿ, ವಸೂಲಿ ಎಲ್ಲವನ್ನೂ ಅವಳೇ ಬರೆಯುತ್ತಾಳೆ. ಅವನು ರುಜು ಹಾಕುತ್ತಾನೆ, ವರ್ಷಕ್ಕೊಮ್ಮೆ ಬರುವ ಪೋಟಿಗೆ ಹಣವನ್ನು ಹೋಟೆಲಿನಲ್ಲಿ ತಿಂದು ಬರುತ್ತಾನೆ. ಸಾಲಕ್ಕೆ ಹೊಲಗದ್ದೆ ಹೋದ ಮೇಲೆ ಅವಳು ಮುತ್ತುಗದ ಎಲೆ ತಂದು ಹಚ್ಚಿ ಮಾರುತ್ತಾಳೆ. ಇದೆಲ್ಲ ಕಥೆ. ಈಗ ಗದ್ಯವನ್ನು ನೋಡಿದರೆ, ಅದೂ ಅದೇ ಕೆಲಸ ಮಾಡುತ್ತಿದೆ. ಎಷ್ಟು ಸೇರು ರಾಗಿ, ಎಷ್ಟು ದಿನಕ್ಕೆ, ಎಷ್ಟು ಜನಕ್ಕೆ; ಎಷ್ಟು ಎಲೆ ಹಚ್ಚಿದರೆ ಎಷ್ಟು ಕಾಸು; ಯಾರು ಉಂಡರು, ಯಾರಿಗೆ ಉಳಿಯಲಿಲ್ಲ. ವಿಶೇಷಣಗಳಿಲ್ಲ. ದುಃಖವಾಯಿತು ಎಂದು ಹೇಳಬೇಕಾದಲ್ಲಿ ರಾಗಿ ಮುಗಿಯಿತು ಎಂದು ಹೇಳುತ್ತದೆ. ನಿರೂಪಕನಿಗೆ ಕೋಪವಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಲೆಕ್ಕ ಮಾತ್ರ ತಪ್ಪುವುದಿಲ್ಲ. ನಾನು ಇದನ್ನು ನನ್ನ ಪ್ರಬಂಧದಲ್ಲಿ ‘ಶಾನುಭೋಗಿಕೆಯ ಗದ್ಯ’ ಎಂದು ಕರೆದಿದ್ದೇನೆ. ಹಸಿವನ್ನು ಹೇಳಲು ಇದಕ್ಕಿಂತ ಬೇರೆ ಗದ್ಯ ಸಾಧ್ಯವಿತ್ತೇ ಎಂದು ಕೇಳಿಕೊಂಡರೆ, ಇತ್ತು, ಬೇರೆಯವರು ಬರೆದಿದ್ದಾರೆ. ಆದರೆ ಒಂದು ಮನೆಯನ್ನು ಲೆಕ್ಕ ಬರೆದೇ ಉಳಿಸಿಕೊಳ್ಳಲು ಹೆಣಗಿದ ಹೆಂಗಸಿನ ಕಥೆಯನ್ನು ಲೆಕ್ಕದಂತೆಯೇ ಬರೆದದ್ದು ಇಲ್ಲಿ ಮಾತ್ರ. ಇಲ್ಲಿ ವಸ್ತು ಯಾವುದು, ಶೈಲಿ ಯಾವುದು? ನನಗೆ ಬಿಡಿಸಲು ಬರುವುದಿಲ್ಲ.

ಪಾರ್ವತಿ ಮತ್ತು ರಾಮಣ್ಣ ಪ್ಲೇಗಿಗೆ ಬಲಿಯಾಗುವ ಭಾಗವನ್ನು ಅಮ್ಮನಿಗೆ ಓದಿ ಹೇಳುವಾಗ ಈ ಗದ್ಯದ ಶಕ್ತಿ ನನಗೆ ಮೊದಲು ತಟ್ಟಿತು. ಓದುತ್ತ ಓದುತ್ತ ನನ್ನ ದನಿ ಭಾರವಾಗಬೇಕು ಎಂದು ಒಂದು ಮನಸ್ಸು ಕಾಯುತ್ತಿತ್ತು. ದನಿ ಭಾರ ಮಾಡಿಕೊಳ್ಳಲು ಆ ವಾಕ್ಯಗಳು ಅವಕಾಶವನ್ನೇ ಕೊಡಲಿಲ್ಲ. ಜ್ವರ, ಗಡ್ಡೆ, ಔಷಧಿ, ಯಾರು ಎಲ್ಲಿಗೆ ಹೋಗಿ ಬಂದರು, ಆಮೇಲೆ ಹೆಣ ಎತ್ತುವವರು ಯಾರು. ಸಾವಿಗೂ ಅದೇ ಕಾಲಂ, ಅದೇ ಶಾಯಿ. ಅಮ್ಮ “ನಿಲ್ಲಿಸು” ಅಂದರು. ಮತ್ತೆ ಓದಿದ್ದು ಎರಡು ದಿನ ಬಿಟ್ಟು. ಭೈರಪ್ಪನವರ ಬಾಲ್ಯದಲ್ಲಿ ಅಣ್ಣ, ಅಕ್ಕ ಪ್ಲೇಗಿನಲ್ಲಿ ಒಟ್ಟೊಟ್ಟಿಗೆ ಹೋದದ್ದು, ಮುಂದೆ ತಾಯಿಯೂ ಹೋದದ್ದು ‘ಭಿತ್ತಿ’ ಓದಿದವರಿಗೆಲ್ಲ ಗೊತ್ತು. ತನಗೇ ಆದದ್ದನ್ನು ಹೀಗೆ ಬರೆಯಲು ಎಂಥ ಹಿಡಿತ ಬೇಕು ಎಂಬುದನ್ನು ‘ಶೈಲಿ ಇಲ್ಲ’ ಎಂಬ ಮಾತು ಹಿಡಿಯುವುದೇ ಇಲ್ಲ.

ಇನ್ನೊಂದು ಸಂಗತಿ: ಈ ಗದ್ಯ ಯಾರನ್ನೂ ತೀರ್ಪಿಗೆ ನಿಲ್ಲಿಸುವುದಿಲ್ಲ. ಗಂಗಮ್ಮ ಕ್ರೂರಿ, ಚೆನ್ನಿಗರಾಯ ಹೊಟ್ಟೆಬಾಕ, ಅಪ್ಪಣ್ಣಯ್ಯ ಅಪ್ರಯೋಜಕ. ಆದರೂ ಇವರು ಪುಟದ ಮೇಲೆ ಬಂದರೆ ನಮಗೆ ಬೇಜಾರಾಗುವುದಿಲ್ಲ, ಬದಲಿಗೆ ಪುಟ ಜೀವ ತುಂಬಿಕೊಳ್ಳುತ್ತದೆ. ಕಾದಂಬರಿಕಾರ ಅವರ ಮಾತನ್ನು ನಂಜಮ್ಮನ ಮಾತಿನಷ್ಟೇ ಶ್ರದ್ಧೆಯಿಂದ ಕೇಳಿಸಿಕೊಂಡಿದ್ದಾನೆ. ಕಂಡವರ ಮನೆಯ ಮಗು ವಿಶ್ವನನ್ನು ಕೊನೆಗೆ ಕೈಹಿಡಿದು ಕರೆದೊಯ್ಯುವ ಮಹದೇವಯ್ಯನವರ ಒಳ್ಳೆಯತನವನ್ನೂ ಭಾಷಣವಿಲ್ಲದೆ ತೋರಿಸಿದ್ದಾನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಪರ್ವ’ದ (1979) ಬಗ್ಗೆ ಎಷ್ಟೋ ಬರೆದಾಗಿದೆ, ನಾನು ಹೆಚ್ಚು ಹೇಳುವುದಿಲ್ಲ. ಪವಾಡ ತೆಗೆದು ಮಹಾಭಾರತ ಹೇಳಿದರು, ನಿಯೋಗವನ್ನು ನೇರವಾಗಿ ಎದುರಿಸಿದರು ಎಂಬುದೇ ಅದರ ಸಾಧನೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಮತ್ತೆ ವಸ್ತುವಿನ ಮಾತು. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಶಾನುಭೋಗಿಕೆಯ ಅದೇ ಗದ್ಯ ಇಲ್ಲಿ ಕುರುಕ್ಷೇತ್ರಕ್ಕೆ ಹೋಗಿದೆ. ಅಷ್ಟು ಸೈನ್ಯಕ್ಕೆ ಧಾನ್ಯ ಎಲ್ಲಿಂದ, ನೀರು ಎಲ್ಲಿಂದ, ಮಲಮೂತ್ರ ಎಲ್ಲಿಗೆ, ಹೆಣ ಎಲ್ಲಿಗೆ? ಮಹಾಕಾವ್ಯ ಕೇಳದ ಈ ಪ್ರಶ್ನೆಗಳನ್ನು ಕೇಳಬಲ್ಲದ್ದು ರಾಮಸಂದ್ರದ ಗುಡಿಸಲಿನ ಗಳುಗಳನ್ನು ಎಣಿಸಿದ ಗದ್ಯಕ್ಕೆ ಮಾತ್ರ. ಕುಂತಿ, ದ್ರೌಪದಿ, ಭೀಮ, ಕರ್ಣ, ಯುಯುಧಾನ ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ತಾವೇ ತೆಗೆಯುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ, ತಾಳೆ ಮಾಡಲು ಕಾದಂಬರಿಕಾರ ಹೋಗುವುದೂ ಇಲ್ಲ. ಒಪ್ಪಬೇಕಾದ ಒಂದು ತೊಡಕೂ ಇದೆ: ಇವರೆಲ್ಲರೂ ಯೋಚಿಸುವ ಕನ್ನಡ ಹೆಚ್ಚುಕಡಿಮೆ ಒಂದೇ. ಭೀಮನ ತಲೆಯೊಳಗೂ ಕುಂತಿಯ ತಲೆಯೊಳಗೂ ವಾಕ್ಯಗಳ ನಡಿಗೆ ಒಂದೇ ತೆರನಾಗಿದೆ. ಗಂಗಮ್ಮನ ಮನೆಯಲ್ಲಿ ಯಾರು ಮಾತಾಡಿದರೂ ಹೆಸರು ನೋಡದೆ ಹೇಳಬಹುದಿತ್ತು. ಇಲ್ಲಿ ಹೇಳಲಾಗುವುದಿಲ್ಲ. ಬದುಕಿ ಕೇಳಿಸಿಕೊಂಡ ಭಾಷೆಗೂ ಓದಿ ಊಹಿಸಿಕೊಂಡ ಭಾಷೆಗೂ ಇರುವ ವ್ಯತ್ಯಾಸ ಇದೆಂದು ಕಾಣುತ್ತದೆ.

ಹಾಗಾದರೆ ‘ಶೈಲಿ ಇಲ್ಲ’ ಎಂಬ ಮಾತು ಸುಳ್ಳೇ? ಇಲ್ಲಿ ನನ್ನ ಕಷ್ಟ ಶುರುವಾಗುತ್ತದೆ.

‘ಆವರಣ’ 2007ರಲ್ಲಿ ಬಂದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಬಿಡುಗಡೆಗೆ ಮೊದಲೇ ಪ್ರತಿಗಳು ಖರ್ಚಾದ ಕಥೆಯನ್ನೂ, ಒಂದಾದ ಮೇಲೊಂದು ಮುದ್ರಣ ಬಂದದ್ದನ್ನೂ ಆಮೇಲೆ ಕೇಳಿದ್ದು. ಭೈರಪ್ಪನವರು ಕಾದಂಬರಿಕಾರರಲ್ಲ, ವಾದ ಮಾಡುವವರು ಎಂಬರ್ಥದಲ್ಲಿ ಅನಂತಮೂರ್ತಿಯವರು ಆಡಿದ ಮಾತೂ ಆ ಗದ್ದಲದ ಭಾಗವೇ. ಆ ಮಾತು ಭೈರಪ್ಪನವರ ಇಡೀ ಬರವಣಿಗೆಗೆ ಅನ್ವಯಿಸಿದರೆ ಅನ್ಯಾಯ, ಅದನ್ನು ಮೇಲೆ ಹೇಳಿದ್ದೇನೆ. ಆದರೆ ‘ಆವರಣ’ವನ್ನು ಅದರ ನಿಲುವು ಬದಿಗಿಟ್ಟು, ಬರೀ ಗದ್ಯಕ್ಕಾಗಿ ಎರಡು ಸಲ ಓದಿದ ಮೇಲೆ ನಾನು ಆ ಮಾತನ್ನು ಪೂರ್ತಿ ತಳ್ಳಿಹಾಕಲಾರೆ.

ಕಥೆ ನಿಮಗೆ ಗೊತ್ತಿರುತ್ತದೆ. ಲಕ್ಷ್ಮಿ ಅಮೀರನನ್ನು ಮದುವೆಯಾಗಿ ರಜಿಯಾ ಆಗಿದ್ದಾಳೆ. ಹಂಪಿಯ ಸಾಕ್ಷ್ಯಚಿತ್ರದ ಕೆಲಸದಲ್ಲಿ ಅವಳ ಮನಸ್ಸಿನಲ್ಲಿ ಪ್ರಶ್ನೆ ಏಳುತ್ತದೆ. ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ಅವರು ಕೂಡಿಟ್ಟ ಪುಸ್ತಕಗಳನ್ನು ಓದುತ್ತಾಳೆ, ತಾನೂ ಒಂದು ಕಾದಂಬರಿ ಬರೆಯುತ್ತಾಳೆ. ಇದರಲ್ಲಿ ಒಂದು ದೊಡ್ಡ ಕಾದಂಬರಿಗೆ ಬೇಕಾದದ್ದೆಲ್ಲ ಇದೆ. ಎಷ್ಟೋ ವರ್ಷ ಮುಖ ನೋಡದ ಅಪ್ಪ ಬಿಟ್ಟುಹೋದ ಕೋಣೆಗೆ ಮಗಳು ಕಾಲಿಡುವ ಭಾಗವನ್ನು ನೋಡಿ. ಅಪ್ಪ ಏನನ್ನು ಓದುತ್ತಿದ್ದ, ಯಾವ ಪುಟದಲ್ಲಿ ಏನು ಗುರುತು ಮಾಡಿದ್ದ ಎಂದು ಅವಳು ಹುಡುಕುವಾಗ, ತನ್ನ ಮೇಲಿನ ಸಿಟ್ಟಿನಲ್ಲಿ ಅಪ್ಪ ಈ ಪುಸ್ತಕಗಳನ್ನು ಓದಿದನೋ, ತನ್ನನ್ನು ಅರ್ಥಮಾಡಿಕೊಳ್ಳಲು ಓದಿದನೋ ಎಂಬ ಪ್ರಶ್ನೆ ನಮಗೆ ಏಳುತ್ತದೆ. ನಾನು ಓದಿದ ಅತ್ಯುತ್ತಮ ಸನ್ನಿವೇಶಗಳಲ್ಲಿ ಅದೊಂದಾಗಬಹುದಿತ್ತು. ಕಾದಂಬರಿ ಆ ಪ್ರಶ್ನೆಯ ಬಳಿ ನಿಲ್ಲುವುದೇ ಇಲ್ಲ. ಅಪ್ಪನ ಕೋಣೆಯಿಂದ ಅಪ್ಪ ಮಾಯವಾಗಿ ಪುಸ್ತಕಗಳು ಮಾತ್ರ ಉಳಿಯುತ್ತವೆ. ಆಮೇಲೆ ಪುಸ್ತಕದೊಳಗಿನ ಮಾಹಿತಿ, ಆಮೇಲೆ ಮಾಹಿತಿಯಿಂದ ಹೊರಡುವ ವಾದ. ಕೊನೆಗೆ ಆಧಾರಗ್ರಂಥಗಳ ಪಟ್ಟಿಯೂ ಕಥೆಯ ಒಳಗೇ ಬಂದು ಕೂರುತ್ತದೆ.

ನಂಜಮ್ಮನ ಲೆಕ್ಕದ ಗದ್ಯ ಇಲ್ಲೂ ಇದೆ ಎಂಬುದು ವಿಪರ್ಯಾಸ. ಅದೇ ಬಿಡಿಬಿಡಿಯಾದ, ಅಲಂಕಾರವಿಲ್ಲದ, ಒಂದೊಂದನ್ನೂ ದಾಖಲಿಸುವ ವಾಕ್ಯ. ಅಲ್ಲಿ ದಾಖಲಾಗುತ್ತಿದ್ದದ್ದು ರಾಗಿ, ಎಲೆ, ಜ್ವರ. ಇಲ್ಲಿ ದಾಖಲಾಗುವುದು ಉಲ್ಲೇಖ. ರಾಗಿಯ ಲೆಕ್ಕ ಯಾರನ್ನೂ ಒಪ್ಪಿಸಲು ಬರೆದದ್ದಾಗಿರಲಿಲ್ಲ. ಅದು ಮನೆಯ ಒಳಗಿನದು. ಉಲ್ಲೇಖದ ಲೆಕ್ಕ ಯಾವಾಗಲೂ ಎದುರು ಕಟ್ಟೆಯಲ್ಲಿ ಕೂತಿರುವ ಯಾರಿಗೋ ತೋರಿಸಲು ಬರೆದದ್ದು. ಶಾನುಭೋಗರ ಕಡತ ಕೋರ್ಟಿನ ಕಡತವಾಯಿತು.

ಇಲ್ಲಿ ಮೇಲೆ ನೆನಪಿಟ್ಟುಕೊಳ್ಳಿ ಎಂದ ಮಾತು ಬೇಕು. ಲೇಖಕ ಒಪ್ಪದ ಪಾತ್ರಕ್ಕೆ ಒಳ್ಳೆಯ ಮಾತು ಸಿಗುತ್ತದೆಯೇ? ಪ್ರೊಫೆಸರ್ ಶಾಸ್ತ್ರಿಗೆ ಸಿಗುವುದಿಲ್ಲ. ಆತ ಬಾಯಿ ತೆರೆದಾಗಲೆಲ್ಲ ಸೋಲಲಿಕ್ಕೇ ತೆರೆಯುತ್ತಾನೆ. ನಿಜ ಜೀವನದಲ್ಲಿ ಅಂಥ ಪ್ರೊಫೆಸರರು ಇಲ್ಲ ಎಂದು ನಾನು ಹೇಳುತ್ತಿಲ್ಲ, ವಿಶ್ವವಿದ್ಯಾಲಯದಲ್ಲಿ ಎಂಟು ವರ್ಷ ಕಳೆದವಳು ಹಾಗೆ ಹೇಳಲಾರೆ. ಆದರೆ ಅವರ ಮಾತಿನಲ್ಲಿ ಸೊಗಸು ಇರುತ್ತದೆ, ಆಕರ್ಷಣೆ ಇರುತ್ತದೆ, ಅದಕ್ಕೇ ನಾವು ಅವರ ಹಿಂದೆ ಹೋಗುವುದು. ಗಂಗಮ್ಮನಿಗೆ ಸಿಕ್ಕ ನ್ಯಾಯ ಶಾಸ್ತ್ರಿಗೆ ಸಿಕ್ಕಿದ್ದರೆ ‘ಆವರಣ’ದ ವಾದವೂ ಗಟ್ಟಿಯಾಗುತ್ತಿತ್ತು. ಅಮೀರನಿಗೆ ಒಂದೆರಡು ಕಡೆ ಒಳಗಿನ ತುಮುಲ ದಕ್ಕಿದೆ, ಅಲ್ಲಿ ಪುಟ ಉಸಿರಾಡುತ್ತದೆ. ಹಾಗೆಯೇ ಲಕ್ಷ್ಮಿ ಬರೆಯುವ ಒಳಗಾದಂಬರಿಯಲ್ಲಿ, ಸೆರೆ ಸಿಕ್ಕಿ ಹಿಜಡಾ ಮಾಡಲ್ಪಟ್ಟ ರಾಜಕುಮಾರ ತನ್ನ ದೇಹಕ್ಕೆ ಆದದ್ದನ್ನು ತಾನೇ ಹೇಳಿಕೊಳ್ಳುವಾಗ ಹಳೆಯ ಭೈರಪ್ಪ ಮರಳಿ ಬರುತ್ತಾರೆ. ದೇಹದ ಬಳಿ ಬಂದಾಗಲೆಲ್ಲ ಆ ಗದ್ಯ ಎಚ್ಚರವಾಗುತ್ತದೆ.

ಅಮ್ಮನಿಗೆ ‘ಆವರಣ’ವನ್ನೂ ಕೊಟ್ಟಿದ್ದೆ. ಕಣ್ಣು ಸರಿಯಾಗಿತ್ತು, ಅವರೇ ಓದಿದರು, ನಾಲ್ಕು ದಿನಕ್ಕೆ ಮುಗಿಸಿದರು. ‘ಗೃಹಭಂಗ’ಕ್ಕೆ ತಿಂಗಳು ಹಿಡಿದಿತ್ತು. ಹೇಗಿತ್ತು ಎಂದು ಕೇಳಿದರೆ, “ಗೊತ್ತಿಲ್ಲದ್ದೆಲ್ಲ ಗೊತ್ತಾಯ್ತು” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಇದರಲ್ಲಿ ಊಟ ಮಾಡಿದ್ರೂ ಅದರ ಮೇಲೆ ವಾದ ಕಣೇ” ಅಂದರು. ‘ಆವರಣ’ದಲ್ಲಿ ದನದ ಮಾಂಸ ತಿನ್ನುವ ಪ್ರಸಂಗ ಎಷ್ಟು ದೂರ ಬೆಳೆಯುತ್ತದೆ ಎಂಬುದನ್ನು ಓದಿದವರು ಬಲ್ಲಿರಿ. ಅಮ್ಮ ಕಾದಂಬರಿಯ ನಿಲುವನ್ನು ವಿರೋಧಿಸಿದ್ದಲ್ಲ. ನಿಲುವಿನಲ್ಲಿ ಅವರು ಬಹುಶಃ ಭೈರಪ್ಪನವರ ಕಡೆಯೇ. ರಾಮಸಂದ್ರದಲ್ಲಿ ಮುದ್ದೆ ಮುದ್ದೆಯೇ ಆಗಿತ್ತು, ಅದು ಇರಲಿಲ್ಲ ಎಂಬುದೇ ಕಥೆಯಾಗಿತ್ತು.

‘ಕವಲು’ (2010) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ, ಅದರ ಬಗ್ಗೆ ಹೆಚ್ಚು ಹೇಳುವಂಥದ್ದು ನನಗಿಲ್ಲ. ಕಾನೂನಿನ ದುರುಪಯೋಗದ ವಾದ ಎದ್ದಾಗಲೆಲ್ಲ ಪಾತ್ರಗಳು ವಕೀಲರ ಹಾಗೆ ಮಾತಾಡುತ್ತವೆ. ಆದರೂ ಅಪಘಾತದಲ್ಲಿ ಮೆದುಳಿಗೆ ಪೆಟ್ಟಾದ ಮಗಳು ಬಂದಲ್ಲೆಲ್ಲ ಕಾದಂಬರಿ ಬೇರೆಯೇ ಆಗುತ್ತದೆ. ಅವಳಿಗೆ ವಾದ ಮಾಡಲು ಬರುವುದಿಲ್ಲ. ಹಾಗಾಗಿ ಲೇಖಕ ಅವಳನ್ನು ನೋಡಲೇಬೇಕಾಗುತ್ತದೆ.

ಭೈರಪ್ಪನವರು ಸೌಂದರ್ಯಶಾಸ್ತ್ರದ ವಿದ್ಯಾರ್ಥಿ. ಬರೋಡದಲ್ಲಿ ಮಾಡಿದ ಅವರ ಪಿಎಚ್.ಡಿ. ಪ್ರಬಂಧದ ಹೆಸರೇ ‘ಸತ್ಯ ಮತ್ತು ಸೌಂದರ್ಯ’. ಸಾಹಿತ್ಯ ಚಳವಳಿಗಳ ಕೈಯಾಳಾಗಬಾರದು, ರಸವೇ ಅದರ ಗುರಿ ಎಂದು ‘ನಾನೇಕೆ ಬರೆಯುತ್ತೇನೆ’ ಕಾಲದಿಂದಲೂ ಬಂಡಾಯದವರ ಜೊತೆ, ಬದ್ಧತೆಯ ಮಾತಾಡಿದವರ ಜೊತೆ ಅವರು ಜಗಳವಾಡಿದರು. ಆ ಜಗಳದಲ್ಲಿ ನಾನು ಅವರ ಪಕ್ಷ ವಹಿಸಬಲ್ಲೆ. ಆದರೆ ಅದೇ ಅಳತೆಗೋಲನ್ನು ‘ಆವರಣ’ದ ಮೇಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವರ ಅಭಿಮಾನಿಗಳು ಉತ್ತರಿಸಬೇಕು. ‘ಸತ್ಯವನ್ನೇ ಹೇಳಿದ್ದಾರಲ್ಲ’ ಎಂಬುದು ಉತ್ತರವಲ್ಲ. ಸತ್ಯ ಹೇಳುವ ಚರಿತ್ರೆಯ ಪುಸ್ತಕಗಳು ಲಕ್ಷ್ಮಿಯ ಅಪ್ಪನ ಕೋಣೆಯಲ್ಲೇ ಇದ್ದವು. ಕಾದಂಬರಿ ಬರೆಯಬೇಕೆಂದು ಅವಳಿಗೆ ಯಾಕೆ ಅನಿಸಿತು?

ಹಾಗೆಯೇ ನಮ್ಮ ವಿಭಾಗಗಳೂ ಉತ್ತರಿಸಬೇಕಾದ್ದಿದೆ. ‘ಆವರಣ’ ಬಂದ ಮೇಲೆ ‘ಗೃಹಭಂಗ’ವನ್ನೂ ಓದದೆ ಬಿಟ್ಟ ಗೆಳೆಯರು ನನಗಿದ್ದಾರೆ. ಒಬ್ಬಳು, ನನಗೆ ತುಂಬ ಬೇಕಾದವಳು, ನನ್ನ ಅಧ್ಯಾಯದ ಸುದ್ದಿ ಕೇಳಿ ವಾರ ಮಾತಾಡಲಿಲ್ಲ. “ಗದ್ಯ ಚೆನ್ನಾಗಿದೆ ಅಂತ ನೀನು ಬರೆದರೆ ಅದನ್ನ ಯಾರು ಯಾವುದಕ್ಕೆ ಬಳಸ್ತಾರೆ ಅಂತ ಯೋಚನೆ ಮಾಡಿದೀಯಾ?” ಎಂದು ಕೇಳಿದಳು. ಯೋಚನೆ ಮಾಡಿದ್ದೇನೆ. ಆದರೆ ನಂಜಮ್ಮನ ಗದ್ಯ ಚೆನ್ನಾಗಿದೆ ಎಂದು ಹೇಳಲು ಹಿಂಜರಿದರೆ, ಶಾಸ್ತ್ರಿಯ ಪಾತ್ರ ಟೊಳ್ಳು ಎಂದು ಹೇಳುವ ಹಕ್ಕನ್ನೂ ನಾನು ಕಳೆದುಕೊಳ್ಳುತ್ತೇನೆ. ಎರಡನ್ನೂ ಒಂದೇ ಅಧ್ಯಾಯದಲ್ಲಿ ಬರೆಯುತ್ತೇನೆ ಅಂದೆ. “ಹಾಗಿದ್ರೆ ಎರಡು ಕಡೆಯವರೂ ನಿನ್ನ ಬಯ್ತಾರೆ” ಅಂದಳು. ಗಂಗಮ್ಮನಷ್ಟು ಚೆನ್ನಾಗಿ ಬಯ್ಯಲಾರರು ಅಂದೆ. ಆಗ ನಕ್ಕಳು.

‘ಮಂದ್ರ’ವನ್ನು ಈ ಲೇಖನದಲ್ಲಿ ತರಬಾರದೆಂದುಕೊಂಡಿದ್ದೆ, ಏಕೆಂದರೆ ಅದು ನನ್ನ ವಾದಕ್ಕೆ ಸುಲಭಕ್ಕೆ ಒಗ್ಗುವುದಿಲ್ಲ. ಮೋಹನಲಾಲನ ಸಂಗೀತ ಅದ್ಭುತ, ಬದುಕು ಹೊಲಸು. ಕಲೆಯ ರೂಪಕ್ಕೂ ಕಲಾವಿದನ ಸತ್ವಕ್ಕೂ ಸಂಬಂಧವೇನು ಎಂಬ ಪ್ರಶ್ನೆಯನ್ನೇ ಭೈರಪ್ಪನವರು ಅಲ್ಲಿ ಕಥೆ ಮಾಡಿದ್ದಾರೆ. ಅಂದರೆ ನಾನು ಅವರ ಬಗ್ಗೆ ಕೇಳುತ್ತಿರುವುದನ್ನು ಅವರೇ ಕೇಳಿಕೊಂಡಿದ್ದರು. ರಾಗ ಬೆಳೆಯುವುದನ್ನು ವರ್ಣಿಸುವಲ್ಲಿ ಆ ಗದ್ಯ ಬಹಳ ಕಡೆ ಸೋಲುತ್ತದೆ. ಸಂಗೀತ ಅಮೋಘವಾಗಿತ್ತು ಎಂದು ನಮಗೆ ತಿಳಿಸಲಾಗುತ್ತದೆ, ಕೇಳಿಸುವುದಿಲ್ಲ. ಆದರೆ ಅಭ್ಯಾಸದ ಭಾಗಗಳಲ್ಲಿ, ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುವ ಬೇಸರದ ದುಡಿಮೆಯಲ್ಲಿ, ಗದ್ಯ ಮತ್ತೆ ತನ್ನ ಮನೆಗೆ ಬರುತ್ತದೆ. ದುಡಿಮೆ ಎಲ್ಲಿದೆಯೋ ಅಲ್ಲಿ ಭೈರಪ್ಪನವರಿಗೆ ಶೈಲಿ 'ಇದೆ' ಎಂದು ಬರೆದು, ಇದು ತೀರ ಅಚ್ಚುಕಟ್ಟಾಯಿತೆಂದು ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಅಧ್ಯಾಯದ ಕರಡನ್ನು ಹೋದ ತಿಂಗಳು ಮೇಷ್ಟ್ರಿಗೆ ಕೊಟ್ಟೆ. ‘ಶಾನುಭೋಗಿಕೆಯ ಗದ್ಯ’ ಎಂಬಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಕ್ಕದಲ್ಲಿ ‘ಉದಾಹರಣೆ ಇನ್ನೂ ಬೇಕು’ ಎಂದು ಬರೆದು ವಾಪಸು ಕೊಟ್ಟಿದ್ದಾರೆ. ಹಾಗಾಗಿ ‘ಗೃಹಭಂಗ’ವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ, ಈ ಸಲ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಎಲ್ಲೆಲ್ಲಿ ರಾಗಿಯ ಮಾತು ಬರುತ್ತದೆ ಎಂದು ಗೆರೆ ಹಾಕಿಕೊಳ್ಳುತ್ತ. ನಾಲ್ಕನೆಯ ಹಾಳೆಯಲ್ಲಿದ್ದೇನೆ, ಪಾರ್ವತಿಗೆ ಇನ್ನೂ ಮದುವೆಯಾಗಿಲ್ಲ.